ನಲವತ್ತು ದಾಟಿದ ಮೇಲೆ ಬಿಡದ ಸುಸ್ತು: ಎಲ್ಲಿಂದ ಹುಡುಕಬೇಕು, ಹೇಗೆ ಸರಿಪಡಿಸಬೇಕು

ರಾತ್ರಿ ಏಳು ತಾಸು ಮಲಗಿದ್ದರೂ ಬೆಳಿಗ್ಗೆ ಏಳುವಾಗ ಮೈ ಭಾರ. ನೀರಿನ ಕೊಡ ಎತ್ತಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ನಾಲ್ಕರ ಹೊತ್ತಿಗೆ ತಲೆ ಮಂಕು, ಮಾತು ಬೇಡ ಅನ್ನಿಸುವಷ್ಟು ಕಿರಿಕಿರಿ. ಹೀಗೆ ಆರು ವಾರಕ್ಕೂ ಹೆಚ್ಚು ಕಾಲ ಇದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ. ‘ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಮಾತು ಮನೆಯಲ್ಲೂ ಕೇಳುತ್ತದೆ, ಕೆಲವು ಸಲ ಕ್ಲಿನಿಕ್ಕಿನಲ್ಲೂ ಕೇಳುತ್ತದೆ. ಆ ಮಾತು ನಂಬಿ ಐದಾರು ವರ್ಷ ಹಾಗೇ ಕಳೆದ ಹೆಂಗಸರು ನಮ್ಮ ನಡುವೆ ತುಂಬ ಜನ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿಯ ಸುಸ್ತಿಗೆ ಹೆಸರಿದೆ, ಪರೀಕ್ಷೆ ಇದೆ, ಔಷಧವೂ ಇದೆ.

ಈಗ ಎಲ್ಲರ ಬಾಯಲ್ಲೂ ‘ಹಾರ್ಮೋನ್’ ಎಂಬ ಮಾತು. ಹಾರ್ಮೋನಿನ ಪಾತ್ರ ದೊಡ್ಡದೇ. ಆದರೆ ನಮ್ಮ ಹೆಂಗಸರಲ್ಲಿ ಅದು ಸುಸ್ತು ತರುವ ಮುಖ್ಯ ದಾರಿ ರಕ್ತಸ್ರಾವ ಮತ್ತು ಕೆಟ್ಟ ನಿದ್ದೆ. ಹಾಗಾಗಿ ಹುಡುಕಾಟವನ್ನು ರಕ್ತದಿಂದ ಶುರುಮಾಡಬೇಕು.

ಎರಡು ವಾರ ಕ್ಯಾಲೆಂಡರಿನಲ್ಲಿ ಬರೆಯಿರಿ

ಡಾಕ್ಟರ ಹತ್ತಿರ ಹೋಗುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲೇ ದಿನಕ್ಕೆರಡು ಸಾಲು ಗುರುತು ಹಾಕಿ: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಕಾಫಿ–ಟೀ ಎಷ್ಟು ಹೊತ್ತಿಗೆ ಕುಡಿದಿರಿ, ಯಾವ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ. ಮುಟ್ಟಿನ ದಿನಗಳಲ್ಲಿ ಎಷ್ಟು ಪ್ಯಾಡ್ ಹೋಯಿತು, ಹೆಪ್ಪು ಬಿತ್ತೇ ಎಂಬುದನ್ನೂ ಬರೆಯಿರಿ. ‘ಸ್ವಲ್ಪ ಜಾಸ್ತಿ ಹೋಗುತ್ತೆ’ ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ‘ಎರಡನೇ ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಿದೆ, ಹತ್ತು ರೂಪಾಯಿ ನಾಣ್ಯದಷ್ಟು ಹೆಪ್ಪು ಮೂರು ಸಲ ಬಿತ್ತು’ ಅಂದರೆ ತಕ್ಷಣ ತಿಳಿಯುತ್ತದೆ.

ಸುಸ್ತು ಯಾವ ಬಗೆಯದು ಎಂಬುದನ್ನೂ ಗಮನಿಸಿ. ಮೆಟ್ಟಿಲಲ್ಲಿ ಏದುಸಿರು, ಎದೆ ಡವಡವ, ಕೂದಲು ಉದುರುವುದು, ರಾತ್ರಿ ಕಾಲು ಸುಮ್ಮನಿರದೆ ಆಡಿಸಬೇಕೆನಿಸುವುದು ಇವೆಲ್ಲ ಕಬ್ಬಿಣದ ಕಡೆಗೆ ಬೆರಳು ತೋರುತ್ತವೆ. ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸ್ ತಿನ್ನಬೇಕೆಂಬ ಆಸೆಯೂ ಅದೇ ಕೊರತೆಯ ಗುರುತು. ಎಷ್ಟೋ ಹೆಂಗಸರು ನಾಚಿಕೆಪಟ್ಟು ಇದನ್ನು ಹೇಳುವುದೇ ಇಲ್ಲ, ದಯವಿಟ್ಟು ಹೇಳಿ. ಪಾದದಲ್ಲಿ ಜುಮುಜುಮು, ನಾಲಿಗೆ ಉರಿ, ಮರೆವು ಇದ್ದರೆ ಬಿ12 ನೋಡಬೇಕು. ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಏರುವ ತೂಕ ಇದ್ದರೆ ಥೈರಾಯ್ಡ್. ಕೂತಲ್ಲೇ ತೂಕಡಿಕೆ, ಜೋರು ಗೊರಕೆ, ಬೆಳಿಗ್ಗೆ ತಲೆನೋವು ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಇಷ್ಟದ ಕೆಲಸಕ್ಕೂ ಮನಸ್ಸೇ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಖಿನ್ನತೆಯಿಂದಲೂ ಆಗುತ್ತದೆ. ಅದೂ ಔಷಧ ಇರುವ ಕಾಯಿಲೆಯೇ.

ಕಬ್ಬಿಣದ ಲೆಕ್ಕ

ಸತತ 12 ತಿಂಗಳು ಮುಟ್ಟು ಬರದಿದ್ದರೆ ಮುಟ್ಟು ನಿಂತಿತು ಎನ್ನುತ್ತೇವೆ. ಭಾರತದ ಹೆಂಗಸರಲ್ಲಿ ಅದು ಸರಾಸರಿ 46–47ರ ಸುಮಾರಿಗೆ ಆಗುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಎಷ್ಟೋ ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹುಟ್ಟುವುದಿಲ್ಲ. ಇನ್ನೊಂದು ಹಾರ್ಮೋನ್ ಈಸ್ಟ್ರೋಜನ್ ಮಾತ್ರ ಕೆಲಸ ಮಾಡುತ್ತ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತ ಹೋಗುತ್ತದೆ. ಆ ದಪ್ಪ ಪದರ ಒಂದು ದಿನ ಕಳಚಿದಾಗ ಎಂಟು ಹತ್ತು ದಿನ ಸ್ರಾವ ನಿಲ್ಲುವುದಿಲ್ಲ. ‘ಎರಡು ತಿಂಗಳು ಬರಲೇ ಇಲ್ಲ, ಆಮೇಲೆ ಹೊಳೆ ಹರಿದ ಹಾಗೆ ಹೋಯ್ತು’ ಎಂದು ಹೆಂಗಸರು ಹೇಳುವುದು ಇದನ್ನೇ. ಗರ್ಭಕೋಶದ ಗಡ್ಡೆಗಳಿದ್ದರೆ ಸ್ರಾವ ಇನ್ನೂ ಹೆಚ್ಚು.

ಇದರಿಂದ ಸುಸ್ತು ಹೇಗೆ ಬರುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. 100 ಮಿಲಿಲೀಟರ್ ಹೋದರೆ ಕಬ್ಬಿಣ 40ರಿಂದ 50 ಮಿಲಿಗ್ರಾಂ ಹೋಯಿತು. ಇನ್ನು ಬರುವ ಬಾಬ್ತು. ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಇರುವ ಊಟ ಉಂಡರೂ ನಮ್ಮ ಅಕ್ಕಿ, ರಾಗಿ, ಬೇಳೆಯ ಊಟದಿಂದ ಮೈಗೆ ಸೇರುವುದು ಶೇ. 8ರ ಆಸುಪಾಸು, ಅಂದರೆ ದಿನಕ್ಕೆ 1.2 ಮಿಲಿಗ್ರಾಂ, ತಿಂಗಳಿಗೆ 36. ಚರ್ಮ, ಕರುಳುಗಳ ಮೂಲಕ ದಿನಾ ಹೋಗುವ ಸಹಜ ನಷ್ಟವೇ ತಿಂಗಳಿಗೆ 24ರಷ್ಟಾಗುತ್ತದೆ. ಕೈಯಲ್ಲಿ ಉಳಿದದ್ದು 12, ಹೋದದ್ದು 40ಕ್ಕೂ ಹೆಚ್ಚು. ತಿಂಗಳು ತಿಂಗಳೂ ಹೀಗೇ ಆದರೆ ದಾಸ್ತಾನು ಬರಿದಾಗುತ್ತದೆ. ಭಾರತೀಯ ಹೆಂಗಸಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ನಿಗದಿ ಮಾಡಿದ್ದು, ಗಂಡಸಿಗೆ 19 ಹೇಳಿದ್ದು ಇದೇ ಕಾರಣಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂತು.

ದಾಸ್ತಾನು ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಆಮೇಲೆ ಇಳಿಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್ 12.2 ಎಂದು ಬಂದು, ‘ನಿಮಗೇನೂ ಇಲ್ಲ’ ಎನ್ನಿಸಿಕೊಂಡು ಮನೆಗೆ ಬಂದವರ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ, 8 ಇರಬಹುದು. ಅವರ ಸುಸ್ತು ನಿಜವೇ.

ಯಾವ ಪರೀಕ್ಷೆ, ಓದುವುದು ಹೇಗೆ

ಮೊದಲ ಸುತ್ತಿಗೆ ಇಷ್ಟು ಸಾಕು: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಬಿ12, ವಿಟಮಿನ್ ಡಿ, ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆ, ಕಿಡ್ನಿ ನೋಡುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಮೂತ್ರ ಪರೀಕ್ಷೆ. ಎಪ್ಪತ್ತು ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ ಪ್ಯಾಕೇಜ್’ ಬೇಕಾಗಿಲ್ಲ. ಅಂಥ ಎಷ್ಟೋ ಪ್ಯಾಕೇಜುಗಳಲ್ಲಿ ಬೇಕಾದ ಫೆರಿಟಿನ್ ಒಂದೇ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ.

ಸಿಬಿಸಿಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದರ ಕೆಳಗೇ ಇರುವ ಎಂಸಿವಿ ಮತ್ತು ಆರ್‌ಡಿಡಬ್ಲ್ಯೂ ಸಾಲುಗಳನ್ನೂ ಓದಬೇಕು. ಎಂಸಿವಿ 80ಕ್ಕಿಂತ ಕಡಿಮೆ ಎಂದರೆ ಕೆಂಪು ಕಣಗಳು ಚಿಕ್ಕದಾಗಿವೆ, ಇದು ಕಬ್ಬಿಣದ ಕೊರತೆಯ ಸೂಚನೆ. 100ಕ್ಕಿಂತ ಹೆಚ್ಚಾದರೆ ಬಿ12, ಫೋಲಿಕ್ ಆಮ್ಲ ಅಥವಾ ಥೈರಾಯ್ಡ್ ನೋಡಬೇಕು. ಸಸ್ಯಾಹಾರಿಗಳಲ್ಲಿ ಕಬ್ಬಿಣ, ಬಿ12 ಎರಡೂ ಒಟ್ಟಿಗೆ ಕಡಿಮೆಯಾಗುವುದು ಸಾಮಾನ್ಯ. ಕಬ್ಬಿಣದ ಕೊರತೆ ಕಣವನ್ನು ಚಿಕ್ಕದಾಗಿಸುತ್ತದೆ, ಬಿ12ರದು ದೊಡ್ಡದಾಗಿಸುತ್ತದೆ, ಸರಾಸರಿ ತೆಗೆದಾಗ ಎಂಸಿವಿ ಸರಿಯಾಗಿಯೇ ಕಾಣುತ್ತದೆ. ಆಗ ಗುಟ್ಟು ಬಿಡುವುದು ಆರ್‌ಡಿಡಬ್ಲ್ಯೂ. ಅದು 14.5 ದಾಟಿದ್ದರೆ ಕಣಗಳ ಗಾತ್ರ ಒಂದೇ ಸಮ ಇಲ್ಲ ಎಂದರ್ಥ. ಎಂಸಿವಿ ಬಹಳ ಕಡಿಮೆ ಇದ್ದೂ ಫೆರಿಟಿನ್ ಚೆನ್ನಾಗಿದ್ದರೆ ಹುಟ್ಟಿನಿಂದ ಬಂದ ತಲಸ್ಸೀಮಿಯಾ ಎಂಬ ರಕ್ತದ ತೊಂದರೆಯ ಗುಣ ಇರಬಹುದು. ಅಂಥವರಿಗೆ ಸುಮ್ಮನೆ ಕಬ್ಬಿಣದ ಮಾತ್ರೆ ಕೊಡುತ್ತ ಹೋಗಬಾರದು.

ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಖಾಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 30ಕ್ಕಿಂತ ಕಡಿಮೆ ಇದ್ದು ಸುಸ್ತೂ ಇದ್ದರೆ ಅನೇಕ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ, ಅದು ಸರಿಯಾದ ಕ್ರಮ. ಲ್ಯಾಬಿನ ಕಾಗದದಲ್ಲಿ ‘ನಾರ್ಮಲ್’ 10ರಿಂದಲೇ ಶುರುವಾಗಿರುವುದುಂಟು, ಅದನ್ನು ನೋಡಿ ಸಮಾಧಾನ ಪಡಬೇಡಿ. ಜ್ವರ, ಸೋಂಕು, ಸಂಧಿವಾತ, ಕೊಬ್ಬಿದ ಲಿವರ್ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆದ್ದರಿಂದ ಜ್ವರ ಬಿಟ್ಟು ಮೂರು ವಾರ ಕಳೆದ ಮೇಲೆ ಮಾಡಿಸಿ.

ಕಬ್ಬಿಣ ಕಡಿಮೆ ಇರುವಾಗ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅದೊಂದನ್ನೇ ನೋಡಿ ‘ಶುಗರ್ ಬಂತು’ ಎಂದು ಹೆದರಬೇಡಿ, ಖಾಲಿ ಹೊಟ್ಟೆಯ ಅಳತೆಯ ಜೊತೆ ಹೋಲಿಸಿ ನೋಡಲಿ. ಕೂದಲಿಗೆಂದು ಬಯೊಟಿನ್ ಮಾತ್ರೆ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅದು ಪರೀಕ್ಷೆಯ ಅಂಕಿಯನ್ನೇ ತಪ್ಪಿಸುತ್ತದೆ.

ಬಿ12 200ಕ್ಕಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳಿದ್ದರೆ ಅದನ್ನೂ ಕೊರತೆ ಎಂದೇ ಭಾವಿಸಿ ಚಿಕಿತ್ಸೆ ಮಾಡುವುದು ಒಳ್ಳೆಯದು. ಮಾಂಸ, ಮೀನು, ಮೊಟ್ಟೆ ತಿನ್ನದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ವರ್ಷಗಟ್ಟಲೆ ಬೆಳಿಗ್ಗೆ ಎದ್ದೊಡನೆ ‘ಗ್ಯಾಸ್ ಮಾತ್ರೆ’ ನುಂಗುವವರು, ಇವರಲ್ಲೇ ಇದು ಹೆಚ್ಚು. ಗ್ಯಾಸ್ ಮಾತ್ರೆ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ, ಆಮ್ಲವಿಲ್ಲದೆ ಆಹಾರದ ಬಿ12 ಬಿಡಿಸಿಕೊಳ್ಳುವುದಿಲ್ಲ, ಕಬ್ಬಿಣವೂ ಕರಗುವುದಿಲ್ಲ. ಎರಡು ವಾರಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಹತ್ತು ವರ್ಷ ತೆಗೆದುಕೊಳ್ಳುತ್ತಿದ್ದರೆ, ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿ. ಬಿ12 ನೋಡದೆ ಫೋಲಿಕ್ ಆಮ್ಲ ಒಂದನ್ನೇ ಕೊಡುವುದು ಅಪಾಯ. ರಕ್ತ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ವಿಟಮಿನ್ ಡಿ 20ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ 60,000 ಯೂನಿಟ್ಟಿನ ಪುಡಿ ಅಥವಾ ಮಾತ್ರೆಯನ್ನು ವಾರಕ್ಕೊಂದರಂತೆ ಎಂಟು ವಾರ ಕೊಡುತ್ತಾರೆ. ಎಂಟು ವಾರ ಎಂದರೆ ಎಂಟೇ ವಾರ. ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ವಾರವಾರ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಕಿಡ್ನಿ ಕಲ್ಲು ಬರಬಹುದು, ಸುಸ್ತು ಇನ್ನೂ ಹೆಚ್ಚಬಹುದು.

ಬೆಳಗಿನ ಮೂರು ತಾಸಿನಲ್ಲಿ ಆಗುವ ನಷ್ಟ

ಮಾತ್ರೆ ಬರೆದುಕೊಟ್ಟಿದ್ದಾರೆ, ತಪ್ಪದೆ ನುಂಗುತ್ತಿದ್ದಾರೆ, ಆರು ತಿಂಗಳಾದರೂ ಗುಣವಿಲ್ಲ. ಇಂಥ ಕಡೆ ಅಡುಗೆಮನೆಯ ಬೆಳಗು ನೋಡಬೇಕು. ಐದೂಮುಕ್ಕಾಲಿಗೆ ಎದ್ದು ಥೈರಾಯ್ಡ್ ಮಾತ್ರೆ. ಹಾಲು ಕಾದೊಡನೆ, ಹತ್ತು ನಿಮಿಷದಲ್ಲೇ, ಡಿಕಾಕ್ಷನ್ ಹಾಕಿ ಕಾಫಿ. ಎಲ್ಲರಿಗೂ ಡಬ್ಬಿ ಕಟ್ಟಿ ಕಳಿಸಿ ಒಂಬತ್ತಕ್ಕೆ ಉಪ್ಪಿಟ್ಟು, ಅದರ ಜೊತೆಗೇ ಇನ್ನೊಂದು ಲೋಟ ಕಾಫಿ. ಮರೆತುಹೋಗಬಾರದೆಂದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಆಗಲೇ, ಒಂದೇ ಗುಟುಕಿನಲ್ಲಿ. ಥೈರಾಯ್ಡ್ ಮಾತ್ರೆಯೂ ಕಬ್ಬಿಣದ ಮಾತ್ರೆಯೂ ಸರಿಯಾಗಿ ಮೈಗೆ ಸೇರಲಿಲ್ಲ.

ಕಾರಣ ಹೀಗಿದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಹೋಗಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯೂ ಕೂಡದು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲಿ ಹಿಡಿದಿಟ್ಟುಕೊಳ್ಳುತ್ತವೆ, ಆದ್ದರಿಂದ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮತ್ತು ಹಾಲು ಕಬ್ಬಿಣವನ್ನು ತಡೆಯುತ್ತವೆ. ಊಟದ ಜೊತೆ ಕುಡಿದ ಕಾಫಿ ಆ ಊಟದ ಕಬ್ಬಿಣ ಹೀರಿಕೆಯನ್ನು ಸುಮಾರು ಶೇ. 40ರಷ್ಟು, ಟೀ ಶೇ. 60ಕ್ಕೂ ಹೆಚ್ಚು ತಗ್ಗಿಸಬಲ್ಲದು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಅಂಥ ತೊಂದರೆಯಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಮಾತ್ರ ಹೊಟ್ಟೆಯಲ್ಲಿ ಇನ್ನೂ ಅನ್ನ ಇರುತ್ತದೆ, ಜೊತೆಗೆ ಕುಡಿದಷ್ಟೇ ನಷ್ಟ.

ಕಾಫಿ ಬಿಡಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು. 5:45ಕ್ಕೆ ಥೈರಾಯ್ಡ್ ಮಾತ್ರೆ, ನೀರು. 6:45ಕ್ಕೆ ಕಾಫಿ. 8:30ಕ್ಕೆ ತಿಂಡಿ, ಅದರ ಜೊತೆ ಕಾಫಿ ಬೇಡ. 11ಕ್ಕೆ ಕಬ್ಬಿಣದ ಮಾತ್ರೆ, ಅರ್ಧ ನಿಂಬೆಹಣ್ಣಿನ ನೀರು ಅಥವಾ ಒಂದು ಸೀಬೆಹಣ್ಣಿನ ಜೊತೆ. 1ಕ್ಕೆ ಊಟ. 3ಕ್ಕೆ ಎರಡನೇ ಕಾಫಿ, ಅಲ್ಲಿಗೆ ದಿನದ ಕಾಫಿ ಮುಗಿಯಬೇಕು, ಇಲ್ಲದಿದ್ದರೆ ರಾತ್ರಿಯ ನಿದ್ದೆಗೆ ಕುತ್ತು. ಕ್ಯಾಲ್ಸಿಯಂ ಬರೆದಿದ್ದರೆ ರಾತ್ರಿ ಊಟದ ಜೊತೆ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ. ಗದ್ದೆ, ತೋಟದ ಕೆಲಸಕ್ಕೆ ಬೇಗ ಹೋಗುವವರಿಗೆ ಈ ಹೊತ್ತುಗಳು ಹೊಂದದಿದ್ದರೆ ಥೈರಾಯ್ಡ್ ಮಾತ್ರೆಯನ್ನು ರಾತ್ರಿ, ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಅಂಥವರು ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟಕ್ಕೆ ಸರಿಸಬೇಕು. ಈ ಬದಲಾವಣೆಯನ್ನು ಡಾಕ್ಟರಿಗೆ ಹೇಳಿ ಮಾಡಿ, ಮಾಡಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ.

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಬಗೆ

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಮಿಲಿಗ್ರಾಂ ನೋಡಿ ಮೋಸಹೋಗಬೇಡಿ. ಎಷ್ಟು ‘ಎಲಿಮೆಂಟಲ್ ಐರನ್’ ಎಂದು ಓದಿ. 200 ಮಿಲಿಗ್ರಾಂ ಫೆರಸ್ ಫ್ಯೂಮರೇಟ್‌ನಲ್ಲಿ ಇರುವ ನಿಜವಾದ ಕಬ್ಬಿಣ 65 ಮಿಲಿಗ್ರಾಂ. ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಲ್ಲಿ 20ರಿಂದ 49ರ ಹೆಂಗಸರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದು ವಾರಕ್ಕೊಂದರಂತೆ ಕೊರತೆ ಬಾರದಿರಲೆಂದು ಕೊಡುವುದು. ಹಿಮೋಗ್ಲೋಬಿನ್ ಆಗಲೇ 9ಕ್ಕೆ ಇಳಿದಿದ್ದರೆ ವಾರಕ್ಕೊಂದು ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಹೇಳಿ ಚಿಕಿತ್ಸೆಯ ಪ್ರಮಾಣ ಕೇಳಿ.

ಹೊಟ್ಟೆ ತೊಳಸಿ, ಮಲ ಗಟ್ಟಿಯಾಗಿ, ಎಂಟೇ ದಿನಕ್ಕೆ ಮಾತ್ರೆ ಬಿಟ್ಟವರು ದಿನ ಬಿಟ್ಟು ದಿನ ಒಂದೇ ಮಾತ್ರೆ ತೆಗೆದುಕೊಳ್ಳುವ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಒಂದು ಮಾತ್ರೆ ನುಂಗಿದ ಮೇಲೆ ಲಿವರಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕಬ್ಬಿಣದ ಬಾಗಿಲು ಮುಚ್ಚಿಡುತ್ತದೆ. ಅದೇ ದಿನ ಎರಡನೆಯದು ನುಂಗಿದರೆ ಅದರಲ್ಲಿ ಹೆಚ್ಚಿನ ಪಾಲು ಕರುಳಿನಲ್ಲೇ ಉಳಿದು ತೊಂದರೆ ಕೊಡುತ್ತದೆ. ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ಮಾತ್ರೆ ತೆಗೆದುಕೊಳ್ಳದೆಯೇ ಮಲ ಡಾಂಬರಿನಂತೆ ಕಪ್ಪಾದರೆ ಅದು ಬೇರೆ, ಅಂದೇ ಡಾಕ್ಟರನ್ನು ನೋಡಬೇಕು.

ಹಿಮೋಗ್ಲೋಬಿನ್ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು.

ತಟ್ಟೆಯಲ್ಲಿ ಏನಿದೆ

ಸುಸ್ತಿಗೆ ಬೀಟ್ರೂಟ್, ದಾಳಿಂಬೆ ತಿನ್ನಿ ಎಂದು ಹೇಳದವರಿಲ್ಲ. ಬಣ್ಣ ಕೆಂಪು ಎಂಬುದನ್ನು ಬಿಟ್ಟರೆ ಅವುಗಳ 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಹುರುಳಿಕಾಳು, ಅಲಸಂದೆ, ಕಡಲೆಕಾಳು, ಎಳ್ಳು, ಹರಿವೆ–ನುಗ್ಗೆ ಸೊಪ್ಪು, ಮಾಂಸ ತಿನ್ನುವವರಿಗೆ ಕುರಿಯ ಲಿವರ್, ಮೀನು ಇವು ಕೆಲಸಕ್ಕೆ ಬರುವಂಥವು. ರಾಗಿಯ ಹಿರಿಮೆ ಕ್ಯಾಲ್ಸಿಯಂ: 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಕಬ್ಬಿಣ ಅದರಲ್ಲಿ ನಾಲ್ಕೈದು ಮಿಲಿಗ್ರಾಂ ಮಾತ್ರ, ಅದೂ ಕಾಳು–ಧಾನ್ಯಗಳಲ್ಲಿರುವ ಫೈಟೇಟ್‌ಗೆ ಅಂಟಿಕೊಂಡಿರುತ್ತದೆ. ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಆ ಅಂಟು ಸ್ವಲ್ಪ ಬಿಡುತ್ತದೆ. ಕಾಳುಗಳಿಗೂ ಇದೇ ಮಾತು: ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಆಗುವುದಾದರೆ ಮೊಳಕೆ ಬರಿಸಿ. ಹುಣಸೆ, ಟೊಮೆಟೊ ಹಾಕುವ ಪಲ್ಯ, ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಊಟಕ್ಕೆ ಇಳಿಯುತ್ತದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ.

ಇನ್ನು ಪ್ರೋಟೀನ್. 60 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸ್ನಾಯು ಕರಗುವುದು ಹೆಚ್ಚಾಗುವುದರಿಂದ 60ರಿಂದ 70 ಗ್ರಾಂ ಇದ್ದರೆ ಒಳ್ಳೆಯದು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರು ಹೇಳಿದಷ್ಟೇ ತಿನ್ನಬೇಕು. ಈಗ ಸಾರಿನ ಪಾತ್ರೆ ನೋಡಿ. ನಾಲ್ಕು ಜನರ ಸಾರಿಗೆ ಒಂದು ಹಿಡಿ, ಅಂದರೆ 45 ಗ್ರಾಂ ತೊಗರಿಬೇಳೆ ಹಾಕುತ್ತೇವೆ. ಒಬ್ಬರ ಪಾಲಿಗೆ 11 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ ಎರಡೂವರೆ ಗ್ರಾಂ. ‘ದಿನಾ ಬೇಳೆ ಸಾರು ತಿಂತೀನಿ’ ಎನ್ನುವ ಮಾತಿನ ತೂಕ ಅಷ್ಟೇ. ಹುರುಳಿ ಕಟ್ಟಿನ ಸಾರಿನಲ್ಲೂ ಬೆಂದ ಕಾಳು ಬಸಿದು ದನಕ್ಕೆ ಹಾಕಿ ಕಟ್ಟನ್ನು ಮಾತ್ರ ನಾವು ಉಣ್ಣುವ ವಾಡಿಕೆ ಇತ್ತು. ಕಾಳನ್ನು ಒಗ್ಗರಣೆ ಹಾಕಿ ಉಸಲಿ ಮಾಡಿ ತಿನ್ನಿ, ಪ್ರೋಟೀನು ಇರುವುದು ಅದರಲ್ಲಿ.

ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ತಟ್ಟೆಗೆ ಪಲ್ಯ ಇರುವುದಿಲ್ಲ, ಅನ್ನ ಸಾರು ಇರುತ್ತದೆ. ಇದು ಸಣ್ಣ ಮಾತಲ್ಲ, ಇಪ್ಪತ್ತು ವರ್ಷ ಹೀಗೇ ಉಂಡರೆ ಮೈ ಅದನ್ನು ತೋರಿಸುತ್ತದೆ. ಬಡಿಸುವ ಮೊದಲೇ ನಿಮ್ಮ ಬಟ್ಟಲು ಕಾಳಿನ ಪಲ್ಯ ಎತ್ತಿಟ್ಟುಬಿಡಿ, ಅಥವಾ ಒಟ್ಟಿಗೇ ಕೂತು ಉಣ್ಣುವ ಕ್ರಮ ಮನೆಯಲ್ಲಿ ತನ್ನಿ.

ಸುಲಭದ ಸೇರ್ಪಡೆ ಕೋಸಂಬರಿ. ರಾಮನವಮಿಗೆ ಮಾತ್ರ ಏಕೆ, ದಿನವೂ ಮಾಡಬಹುದು. 30 ಗ್ರಾಂ ಹೆಸರುಬೇಳೆ ಒಂದು ಗಂಟೆ ನೆನೆಸಿ, ಸೌತೆಕಾಯಿ, ಕಾಯಿತುರಿ, ಅರ್ಧ ನಿಂಬೆ. ಏಳು ಗ್ರಾಂ ಪ್ರೋಟೀನ್ ಬಂತು, ನಿಂಬೆ ಅದೇ ತಟ್ಟೆಯ ಕಬ್ಬಿಣಕ್ಕೂ ನೆರವಾಯಿತು. ಮೊಟ್ಟೆ ಒಂದಕ್ಕೆ ಆರು ಗ್ರಾಂ, ಒಂದು ಹಿಡಿ ಶೇಂಗಾ ಏಳು, ಒಂದು ಬಟ್ಟಲು ಗಟ್ಟಿ ಮೊಸರು ಐದಾರು, 50 ಗ್ರಾಂ ಪನೀರ್ ಒಂಬತ್ತು, 100 ಗ್ರಾಂ ಬಂಗುಡೆ ಇಪ್ಪತ್ತರ ಹತ್ತಿರ. ತಿಂಡಿಯಲ್ಲೇ 15–20 ಗ್ರಾಂ ಬರುವಂತೆ ಮಾಡಿದರೆ ಹನ್ನೊಂದರ ಹೊತ್ತಿನ ಕೈ ನಡುಕ, ಬಿಸ್ಕತ್ತಿನ ಆಸೆ ಕಡಿಮೆಯಾಗುತ್ತದೆ. ಎರಡು ಇಡ್ಲಿ ಮೂರು ಚಮಚ ಚಟ್ನಿಯಲ್ಲಿ ಅದು ಬಾರದು. ಪೆಸರಟ್ಟು, ಬೇಳೆ ಹೆಚ್ಚು ಹಾಕಿದ ಅಡೆ ದೋಸೆ, ಮೊಳಕೆಕಾಳು ಹಾಕಿದ ಉಪ್ಪಿಟ್ಟು ಇಂಥವನ್ನು ವಾರದಲ್ಲಿ ನಾಲ್ಕು ದಿನ ತನ್ನಿ. ವಾರಕ್ಕೆ ಎರಡು ಮೂರು ಒಪ್ಪತ್ತು ಮಾಡುವವರು ಫೆರಿಟಿನ್ ಏರುವವರೆಗೆ ಅದನ್ನು ಕಡಿಮೆ ಮಾಡಿ.

ಮೈ ಬಿಸಿ, ಮುರಿದ ನಿದ್ದೆ, ಹಾರ್ಮೋನ್ ಚಿಕಿತ್ಸೆ

ನಡುರಾತ್ರಿ ಎರಡಕ್ಕೆ ಎದೆಯಿಂದ ಮುಖಕ್ಕೆ ಬಿಸಿ ಏರಿ, ರವಿಕೆ ಒದ್ದೆಯಾಗಿ, ಮತ್ತೆ ನಿದ್ದೆ ಹತ್ತುವಾಗ ನಾಲ್ಕು ಗಂಟೆ. ಈಸ್ಟ್ರೋಜನ್ ಏರಿಳಿದಾಗ ಮಿದುಳಿನಲ್ಲಿ ಮೈಯ ಉಷ್ಣ ನೋಡಿಕೊಳ್ಳುವ ಭಾಗ ಸಣ್ಣ ಬದಲಾವಣೆಗೂ ಬೆಚ್ಚಿಬೀಳುತ್ತದೆ. ಹೀಗೆ ವಾರಕ್ಕೆ ನಾಲ್ಕು ರಾತ್ರಿ ಆದರೆ ಯಾವ ಟಾನಿಕ್ಕೂ ಹಗಲಿನ ಸುಸ್ತನ್ನು ತೆಗೆಯಲಾರದು.

45 ದಾಟಿ, ಮುಟ್ಟು ಏರುಪೇರಾಗಿ, ಮೈ ಬಿಸಿ ಇದ್ದರೆ ಹಾರ್ಮೋನ್ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯವಿಲ್ಲ. ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಅಂಕಿ ಇಂದು 40, ಮುಂದಿನ ತಿಂಗಳು 8 ಬರಬಹುದು. ವಯಸ್ಸು ಮತ್ತು ಲಕ್ಷಣ ಸಾಕು. 40ಕ್ಕೂ ಮೊದಲೇ ಮುಟ್ಟು ನಿಂತರೆ ಮಾತ್ರ ಪರೀಕ್ಷೆ ಬೇಕೇಬೇಕು.

ಹಾರ್ಮೋನ್ ಚಿಕಿತ್ಸೆ ಎಂದರೆ ಕ್ಯಾನ್ಸರ್ ಎಂಬ ಭಯ 2002ರಿಂದ ಬಂದದ್ದು. ಆಗ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿ ಹಾರ್ಮೋನ್ ಚಿಕಿತ್ಸೆಯ ಒಂದು ಭಾಗವನ್ನು ಸ್ತನ ಕ್ಯಾನ್ಸರಿನ ಅಪಾಯ ಕಂಡು ನಡುವೆಯೇ ನಿಲ್ಲಿಸಿದರು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷದೊಳಗೆ, 60 ತುಂಬುವ ಮೊದಲು ಶುರುಮಾಡುವವರಿಗೆ, ಮೈ ಬಿಸಿ ತೀವ್ರವಾಗಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂಬುದು ಇಂದಿನ ನಿಲುವು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ, ಪ್ರೊಜೆಸ್ಟರಾನ್ ಜೊತೆಗಿರಬೇಕು. ಸ್ತನ ಕ್ಯಾನ್ಸರ್ ಬಂದಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದ ಸ್ರಾವ ಇರುವವರು ಇದನ್ನು ತೆಗೆದುಕೊಳ್ಳಬಾರದು. ಅವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ‘ನ್ಯಾಚುರಲ್’ ಎಂದು ತಾವೇ ಅಶ್ವಗಂಧ ಶುರುಮಾಡುವವರೂ ಡಾಕ್ಟರಿಗೆ ತಿಳಿಸಿ. ಅದು ಥೈರಾಯ್ಡ್ ಮಟ್ಟವನ್ನು ಬದಲಿಸಬಲ್ಲದು, ಅಪರೂಪಕ್ಕೆ ಲಿವರಿಗೂ ಹಾನಿ ಮಾಡಿದ್ದುಂಟು.

ಅತಿಸ್ರಾವಕ್ಕೆ ಗರ್ಭಕೋಶ ತೆಗೆಸುವುದೊಂದೇ ದಾರಿ ಎಂದು ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಸ್ರಾವದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಪ್ರೊಜೆಸ್ಟರಾನ್ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಇವೆಲ್ಲ ಇವೆ. ಆ ಸಾಧನ ಇಟ್ಟ ಮೊದಲ ಮೂರರಿಂದ ಆರು ತಿಂಗಳು ಚುಕ್ಕೆ ಚುಕ್ಕೆ ಸ್ರಾವ ಇರುತ್ತದೆ. ಅದು ತಿಳಿಯದೆ ಬೇಸತ್ತು ತೆಗೆಸಿಬಿಡುವವರಿದ್ದಾರೆ, ಸ್ವಲ್ಪ ತಾಳಿದರೆ ಸ್ರಾವ ಬಹಳ ತಗ್ಗುತ್ತದೆ. ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾದಾಗ ಅಂಡಾಶಯ ಉಳಿಸುತ್ತೀರಾ ಎಂದು ಮೊದಲೇ ಕೇಳಿ. 45ಕ್ಕೆ ಮೊದಲೇ ಅದನ್ನೂ ತೆಗೆದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು.

ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲದಂತೆ ಮೂರು ಸುತ್ತು, ಗೋಡೆಗೆ ಕೈಕೊಟ್ಟು ತಳ್ಳುವುದು ಹತ್ತು ಸಲ, ಎರಡು ಲೀಟರ್ ನೀರಿನ ಬಾಟಲಿ ಎತ್ತುವುದು. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇರುವಾಗ ಇದನ್ನು ಶುರುಮಾಡಬೇಡಿ, ಮೊದಲು ರಕ್ತ ಏರಲಿ.

ಕಾಯಬಾರದ ಸಂದರ್ಭಗಳು

ಕೂತಾಗಲೂ ಏದುಸಿರು, ನಡೆದಾಗ ಎದೆ, ದವಡೆ ಅಥವಾ ಬೆನ್ನಿನಲ್ಲಿ ಒತ್ತಿದಂತಾಗುವುದು, ತಲೆಸುತ್ತಿ ಬೀಳುವುದು, ಗಂಟೆಗೊಂದು ಪ್ಯಾಡ್ ತೊಯ್ಯುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಹೆಂಗಸರ ಹೃದಯದ ತೊಂದರೆ ಬರೀ ‘ಸುಸ್ತು, ಗ್ಯಾಸ್’ ಎಂದೂ ಕಾಣಿಸಿಕೊಳ್ಳುತ್ತದೆ. ಸಂಜೆ ಜ್ವರ, ಕೆಮ್ಮು, ಇಳಿಯುವ ತೂಕ ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರ ನೋಡಿಸಬೇಕು. ಜೀವವೇ ಸಾಕೆನಿಸುವಂಥ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಹಿಮೋಗ್ಲೋಬಿನ್ ಏರದಿದ್ದರೆ

ಮಾತ್ರೆ ಶುರುವಾಗಿ ನಾಲ್ಕು ವಾರಕ್ಕೆ ಸಿಬಿಸಿ ಮತ್ತೆ ಮಾಡಿಸಿ. ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಿರಬೇಕು. ಏರದಿದ್ದರೆ ಮಾತ್ರೆಯ ಬ್ರಾಂಡ್ ಬದಲಿಸುವ ಮೊದಲು ಹೀಗೆ ಹುಡುಕಿ: ಮಾತ್ರೆ ಹಾಲು–ಕಾಫಿಯ ಜೊತೆ ಹೋಗುತ್ತಿದೆಯೇ, ಗ್ಯಾಸ್ ಮಾತ್ರೆ ದಿನಾ ನಡೆದಿದೆಯೇ, ಸ್ರಾವ ಇನ್ನೂ ಹಾಗೇ ಇದೆಯೇ, ಬಿ12 ಕೂಡ ಕಡಿಮೆಯೇ, ಥೈರಾಯ್ಡ್ ಹಿಡಿತಕ್ಕೆ ಬಂದಿದೆಯೇ. ಬರಿಗಾಲಲ್ಲಿ ಗದ್ದೆ, ಅಡಿಕೆ ತೋಟದಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆಹುಳು ಇರಬಹುದು, ಅದಕ್ಕೆ 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದೇ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ಮುಟ್ಟು ನಿಂತ ಮೇಲೂ ಕಬ್ಬಿಣ ಕಡಿಮೆಯಾಗುತ್ತಿದ್ದರೆ ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿರಬಹುದು, ಎಂಡೋಸ್ಕೋಪಿಗೆ ಹಿಂಜರಿಯಬೇಡಿ. ಇವೆಲ್ಲ ನೋಡಿಯೂ ಏರದಿದ್ದರೆ, ಅಥವಾ ಮಾತ್ರೆ ಹೊಟ್ಟೆಗೆ ಹಿಡಿಯದೇ ಇದ್ದರೆ, ಆಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣ ಕೊಡುತ್ತಾರೆ. ಅದಾದ ಎಂಟರಿಂದ ಹನ್ನೆರಡು ವಾರಕ್ಕೆ ಫೆರಿಟಿನ್ ನೋಡಿಸಿ. ಅದಕ್ಕೂ ಮೊದಲು ನೋಡಿಸಿದರೆ ಸಿಗುವುದು ಈಗಷ್ಟೇ ಏರಿಸಿದ ಕಬ್ಬಿಣದ ಹುಸಿ ಅಂಕಿ.